ಐಸ್ ಹಾಕಿ ಗೋಲ್‌ಕೀಪರ್ ಸಾಮಗ್ರಿಗಳ ಕೈತಯಾರಿ ಮತ್ತು ಮರುಬ್ರಾಂಡಿಂಗ್ ಇತಿಹಾಸ

ಐಸ್ ಹಾಕಿ ಆಟದಲ್ಲಿ ಗೋಲ್‌ಕೀಪರ್ ಧರಿಸುವ ಕಾಲಿನ ಪ್ಯಾಡ್, ಪಕ್ ಹಿಡಿಯುವ ಕೈಗವಸು, ಬ್ಲಾಕರ್, ಎದೆಕವಚ ಹಾಗೂ ಮುಖವಾಡಗಳನ್ನು ಒಟ್ಟಾಗಿ ಗೋಲ್‌ಕೀಪರ್ ಸಾಮಗ್ರಿ ಎಂದು ಕರೆಯಲಾಗುತ್ತದೆ. ಉಳಿದ ಆಟಗಾರರ ಸಾಮಗ್ರಿಗಳು ಬಹುಬೇಗ ಕಾರ್ಖಾನೆಯ ಸರಕಾದವು. ಗೋಲ್‌ಕೀಪರ್ ಸಾಮಗ್ರಿಯಾದರೋ ಇಪ್ಪತ್ತನೆಯ ಶತಮಾನದ ಬಹುಭಾಗ ಸಣ್ಣ ಕಾರ್ಯಾಗಾರಗಳ ಕಸುಬುದಾರರ ಕೈಯಲ್ಲಿ, ಒಬ್ಬೊಬ್ಬ ಆಟಗಾರನ ಅಳತೆಗೆ ತಕ್ಕಂತೆ ಸಿದ್ಧವಾಗುತ್ತಿತ್ತು. ದೊಡ್ಡ ಕಂಪನಿಗಳು ಈ ಕ್ಷೇತ್ರವನ್ನು ಪ್ರವೇಶಿಸಿದ ಮೇಲೂ ಈ ಕಸುಬು ಅಳಿಯಲಿಲ್ಲ. ಅದು ಹಲವು ಬಾರಿ ಕಂಪನಿಗಳ ಹೆಸರಿನ ಹಿಂದೆ ಮುಂದುವರಿಯಿತು. ಒಬ್ಬರು ವಿನ್ಯಾಸಗೊಳಿಸಿ ಹೊಲಿದ ಪ್ಯಾಡ್ ಮತ್ತೊಬ್ಬರ ಹೆಸರಿನಲ್ಲಿ ಮಾರಾಟವಾಗುವುದು, ಕಂಪನಿಗಳು ಕೈಬದಲಾದಾಗ ಅದೇ ಸಾಮಗ್ರಿ ಹೊಸ ಹೆಸರು ಪಡೆಯುವುದು ಇವೆಲ್ಲ ಈ ಉದ್ಯಮದಲ್ಲಿ ಸಾಮಾನ್ಯ ಸಂಗತಿಗಳು. ಒಬ್ಬರು ಕಡೆದ ಕ್ರಿಕೆಟ್ ಬ್ಯಾಟಿನ ಮೇಲೆ ಪ್ರಾಯೋಜಕ ಕಂಪನಿಯ ಸ್ಟಿಕ್ಕರ್ ಅಂಟಿಸುವ ರೂಢಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಹಿನ್ನೆಲೆ

ಐಸ್ ಹಾಕಿಯ ಪಕ್ ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರಿನ ಬಿಲ್ಲೆ. ವೃತ್ತಿಪರ ಆಟದಲ್ಲಿ ಅದರ ವೇಗ ಗಂಟೆಗೆ 160 ಕಿಲೋಮೀಟರನ್ನು ಮೀರುವುದುಂಟು. ಗೋಲ್‌ಕೀಪರ್ ಅದಕ್ಕೆ ಬೆನ್ನು ತೋರಿಸುವಂತಿಲ್ಲ. ಮೈಯೊಡ್ಡುವುದೇ ಅವನ ಕೆಲಸ. ಆದ್ದರಿಂದ ಸಾಮಗ್ರಿಯು ಮೈಯನ್ನು ಕಾಯಬೇಕು, ಗೋಲನ್ನೂ ಮುಚ್ಚಬೇಕು, ಜೊತೆಗೆ ಚಲನೆಗೆ ಅಡ್ಡಿಯಾಗಬಾರದು. ಮಂಡಿಯ ಎತ್ತರ, ಕಾಲಿನ ಉದ್ದ, ಕುಳಿತು ಏಳುವ ಶೈಲಿ ಇವು ಒಬ್ಬರಿಂದೊಬ್ಬರಿಗೆ ಬೇರೆಯಾಗಿರುವುದರಿಂದ ಒಂದೇ ಅಳತೆಯ ಸಾಮಗ್ರಿ ಎಲ್ಲರಿಗೂ ಹೊಂದುವುದಿಲ್ಲ. ಒಂದು ತಂಡದಲ್ಲಿ ಗೋಲ್‌ಕೀಪರ್‌ಗಳು ಇರುವುದು ಒಬ್ಬಿಬ್ಬರೇ ಆದ್ದರಿಂದ ಮಾರುಕಟ್ಟೆಯೂ ಚಿಕ್ಕದು. ಕೈಕಸುಬು ಇಲ್ಲಿ ಬಹುಕಾಲ ಉಳಿದುಕೊಳ್ಳಲು ಈ ಎರಡು ಕಾರಣಗಳೇ ಸಾಕಾಗಿದ್ದವು.

ಕ್ರಿಕೆಟ್ ಪ್ಯಾಡಿನಿಂದ ಕೆನೆಸ್ಕಿ ಪ್ಯಾಡಿನವರೆಗೆ

ಆರಂಭದ ಗೋಲ್‌ಕೀಪರ್‌ಗಳಿಗೆ ಪ್ರತ್ಯೇಕ ಸಾಮಗ್ರಿ ಇರಲಿಲ್ಲ. 1896ರ ಫೆಬ್ರವರಿ 14ರಂದು ನಡೆದ ಸ್ಟಾನ್ಲಿ ಕಪ್ ಪಂದ್ಯದಲ್ಲಿ ವಿನಿಪೆಗ್ ವಿಕ್ಟೋರಿಯಾಸ್ ತಂಡದ ಗೋಲ್‌ಕೀಪರ್ ಜಿ. ಎಚ್. ಮೆರಿಟ್ ಕಾಲಿಗೆ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ಆಡಿದರು. ಎದುರಾಳಿ ಮಾಂಟ್ರಿಯಲ್ ವಿಕ್ಟೋರಿಯಾಸ್ ತಂಡ ಆ ಪಂದ್ಯದಲ್ಲಿ ಸೋತಿತು. ಅನಂತರದ ಎರಡು ಮೂರು ದಶಕಗಳಲ್ಲಿ ಕ್ರಿಕೆಟ್ ಪ್ಯಾಡ್ ಅಥವಾ ಅದನ್ನೇ ಹೋಲುವ ಕಿರಿದಾದ ಪ್ಯಾಡ್‌ಗಳು ಬಳಕೆಯಲ್ಲಿದ್ದವು. ಅವುಗಳ ಮುಖ ಕಾಲಿನ ಸುತ್ತ ಬಾಗಿರುತ್ತಿದ್ದುದರಿಂದ ತಗುಲಿದ ಪಕ್ ಎತ್ತಲೋ ಸಿಡಿದು, ಕೆಲವೊಮ್ಮೆ ಗೋಲಿನೊಳಗೇ ಹೋಗುತ್ತಿತ್ತು.

ಈ ದೋಷಕ್ಕೆ ಪರಿಹಾರ ಕಂಡುಕೊಂಡವರು ಕೆನಡಾದ ಆಂಟಾರಿಯೊ ಪ್ರಾಂತದ ಹ್ಯಾಮಿಲ್ಟನ್ ನಗರದ ಎಮಿಲ್ ಕೆನೆಸ್ಕಿ. ‘ಪಾಪ್’ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧರಾದ ಇವರದು ಕುದುರೆಗಳ ಜೀನು, ಪಟ್ಟಿ ಮುಂತಾದ ಚರ್ಮದ ಸಾಮಾನು ಹೊಲಿಯುವ ಕಸುಬು. ಸ್ಥಳೀಯ ಪಂದ್ಯವೊಂದರಲ್ಲಿ ಪಕ್ ಕ್ರಿಕೆಟ್ ಪ್ಯಾಡಿಗೆ ತಗುಲಿ ಗೋಲಿನೊಳಗೆ ಸಿಡಿದುದನ್ನು ನೋಡಿ ಅವರು ಅಗಲವಾದ, ಮುಖ ಚಪ್ಪಟೆಯಾದ ಪ್ಯಾಡನ್ನು ರೂಪಿಸಿದರೆಂದು ಹೇಳಲಾಗುತ್ತದೆ. 1924ರ ಸುಮಾರಿಗೆ ಹ್ಯಾಮಿಲ್ಟನ್ ಟೈಗರ್ಸ್ ತಂಡದ ಜೇಕ್ ಫೋರ್ಬ್ಸ್ ಈ ಪ್ಯಾಡನ್ನು ನ್ಯಾಷನಲ್ ಹಾಕಿ ಲೀಗ್‌ನ (ಎನ್‌ಎಚ್‌ಎಲ್) ಪಂದ್ಯಗಳಿಗೆ ತಂದರು.

ಕೆನೆಸ್ಕಿ ಪ್ಯಾಡಿನ ಹೊರಮೈ ಕುದುರೆಯ ಚರ್ಮದ್ದು; ಒಳಗೆ ಜಿಂಕೆಯ ರೋಮ ಹಾಗೂ ಬೂರುಗದ ಹತ್ತಿಯನ್ನು ಒತ್ತಾಗಿ ತುಂಬಿ ಹೊಲಿಯಲಾಗುತ್ತಿತ್ತು. ಹೊಸ ಪ್ಯಾಡ್ ಬಿರುಸಾಗಿರುತ್ತಿತ್ತು. ಆಡುತ್ತಾ ಆಡುತ್ತಾ ಅದು ಧರಿಸಿದವನ ಕಾಲಿನ ಆಕಾರಕ್ಕೆ ಬಾಗುತ್ತಿತ್ತು. ಆದರೆ ಮಂಜುಗಡ್ಡೆಯ ನೀರನ್ನೂ ಬೆವರನ್ನೂ ಹೀರಿಕೊಂಡು ಪಂದ್ಯದ ಕೊನೆಯ ವೇಳೆಗೆ ಗಣನೀಯವಾಗಿ ಭಾರವಾಗುತ್ತಿದ್ದುದು ಅದರ ಮುಖ್ಯ ಕೊರತೆ. ಹೀಗಿದ್ದರೂ ಅರ್ಧ ಶತಮಾನದಷ್ಟು ಕಾಲ ಎನ್‌ಎಚ್‌ಎಲ್ ಗೋಲ್‌ಕೀಪರ್‌ಗಳಲ್ಲಿ ಹೆಚ್ಚಿನವರು ಹ್ಯಾಮಿಲ್ಟನ್‌ನ ಈ ಒಂದೇ ಕುಟುಂಬದ ಪ್ಯಾಡನ್ನು ಅವಲಂಬಿಸಿದ್ದರು. ಇಂದಿನ ಅರ್ಥದಲ್ಲಿ ಅದನ್ನು ಬ್ರಾಂಡ್ ಎನ್ನುವುದು ಕಷ್ಟ. ಬೇಡಿಕೆ ಕಳುಹಿಸಿ, ಸರದಿ ಕಾದು, ತಮ್ಮ ಅಳತೆಯ ಜೋಡಿಯನ್ನು ಪಡೆಯುವ ದರ್ಜಿ ಅಂಗಡಿಯ ಕ್ರಮವೇ ಅಲ್ಲಿ ನಡೆಯುತ್ತಿತ್ತು.

ಹೊಸ ಪ್ಯಾಡಿನ ಪರಿಣಾಮ ನಿಯಮಗಳಲ್ಲಿಯೂ ಕಾಣಿಸಿತು. ಲೀಗ್ 1925ರಲ್ಲಿ ಪ್ಯಾಡಿನ ಅಗಲವನ್ನು 12 ಇಂಚಿಗೆ ಸೀಮಿತಗೊಳಿಸಿತು, 1927ರಲ್ಲಿ ಅದನ್ನು 10 ಇಂಚಿಗೆ ಇಳಿಸಿತು.

ಕೈಗವಸು

ಇಂದು ಬಳಕೆಯಲ್ಲಿರುವ ಪಕ್ ಹಿಡಿಯುವ ಕೈಗವಸು ಬೇರೊಂದು ಆಟದಿಂದ ಬಂದದ್ದು. ಶಿಕಾಗೊ ತಂಡದ ಗೋಲ್‌ಕೀಪರ್ ಎಮಿಲ್ ಫ್ರಾನ್ಸಿಸ್ 1940ರ ದಶಕದ ಉತ್ತರಾರ್ಧದಲ್ಲಿ ಬೇಸ್‌ಬಾಲ್ ಆಟದ ಮೊದಲ ಬೇಸ್‌ನ ಆಟಗಾರ ಧರಿಸುವ ಗವಸನ್ನು ಕೊಂಡು, ಅದಕ್ಕೆ ಹಾಕಿ ಕೈಗವಸಿನ ಮಣಿಕಟ್ಟಿನ ಭಾಗವನ್ನು ಹೊಲಿಸಿಕೊಂಡರು. ಡೆಟ್ರಾಯಿಟ್ ತಂಡದ ಜ್ಯಾಕ್ ಆಡಮ್ಸ್ ಇದಕ್ಕೆ ಆಕ್ಷೇಪಣೆ ಎತ್ತಿದರು. ವಿಷಯ ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಅವರವರೆಗೆ ಹೋಗಿ, ಕೊನೆಗೆ ಗವಸಿಗೆ ಅನುಮತಿ ದೊರೆಯಿತು. ಸ್ವಲ್ಪ ಕಾಲದಲ್ಲಿಯೇ ತಯಾರಕರು ಅಂಥ ಗವಸುಗಳನ್ನು ಹಾಕಿಗೆಂದೇ ಹೊಲಿಯತೊಡಗಿದರು.

ಮುಖವಾಡ

ಕೈತಯಾರಿಯ ಇತಿಹಾಸ ಹೆಚ್ಚು ಸಮೃದ್ಧವಾಗಿರುವುದು ಮುಖವಾಡದ ವಿಷಯದಲ್ಲಿ. ಇಲ್ಲಿ ತಯಾರಕರಾದವರು ಕ್ರೀಡಾ ಸಾಮಗ್ರಿಯ ವ್ಯಾಪಾರಿಗಳಲ್ಲ. ತಂಡದ ಸಹಾಯಕರು, ಕೊಳಾಯಿ ಕೆಲಸದವರು, ಗಾಜಿನ ನಾರಿನ ಕಂಪನಿಯ ನೌಕರರು, ಕೆಲವೊಮ್ಮೆ ಸ್ವತಃ ಗೋಲ್‌ಕೀಪರ್‌ಗಳು.

1927ರಲ್ಲಿ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಮಹಿಳಾ ತಂಡದ ಎಲಿಜಬೆತ್ ಗ್ರಹಾಂ ಕತ್ತಿವರಸೆಯ ಜಾಲರಿ ಮುಖವಾಡ ಧರಿಸಿ ಆಡಿದರು. ಎನ್‌ಎಚ್‌ಎಲ್‌ನಲ್ಲಿ ಮೊದಲು ಮುಖವಾಡ ಧರಿಸಿದವರು ಮಾಂಟ್ರಿಯಲ್ ಮರೂನ್ಸ್ ತಂಡದ ಕ್ಲಿಂಟ್ ಬೆನೆಡಿಕ್ಟ್. 1930ರಲ್ಲಿ ಹೋವಿ ಮೊರೆಂಜ್ ಹೊಡೆದ ಪಕ್‌ನಿಂದ ಮುಖಕ್ಕೆ ತೀವ್ರ ಪೆಟ್ಟಾದಾಗ ಅವರು ಚರ್ಮದ ಮುಖವಾಡ ತರಿಸಿಕೊಂಡರು. ಅದು ದೃಷ್ಟಿಗೆ ಅಡ್ಡಿಯಾಗುತ್ತಿದ್ದುದರಿಂದ ಕೆಲವೇ ಪಂದ್ಯಗಳಲ್ಲಿ ಕೈಬಿಟ್ಟರು. ಮುಂದಿನ ಮೂರು ದಶಕಗಳ ಕಾಲ ಲೀಗ್‌ನ ಗೋಲ್‌ಕೀಪರ್‌ಗಳು ಬರಿಮುಖದಲ್ಲಿಯೇ ಆಡಿದರು; ಮುಖದ ಮೇಲಿನ ಹೊಲಿಗೆಗಳು ವೃತ್ತಿಯ ಗುರುತೆನಿಸಿದ್ದವು.

ಈ ಸ್ಥಿತಿಯನ್ನು ಬದಲಿಸಿದವರು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಜಾಕ್ ಪ್ಲಾಂಟ್. ಫೈಬರ್‌ಗ್ಲಾಸ್ ಕೆನಡಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಬಿಲ್ ಬರ್ಚ್‌ಮೋರ್, ಗಾಜಿನ ನಾರಿನಿಂದ ಮುಖಕ್ಕೆ ಅಂಟಿಕೊಂಡಂತೆ ಕೂರುವ ತೆಳುವಾದ ಕವಚ ತಯಾರಿಸಬಹುದೆಂದು ಅವರಿಗೆ ಸೂಚಿಸಿದರು. ಪ್ಲಾಂಟ್ ಅವರ ಮುಖದ ಮೇಲೆ ಪ್ಲಾಸ್ಟರ್ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ನಾರಿನ ಬಟ್ಟೆಯನ್ನೂ ರಾಳವನ್ನೂ ಪದರಪದರವಾಗಿ ಹಾಕಿ ಮುಖವಾಡವನ್ನು ಸಿದ್ಧಪಡಿಸಲಾಯಿತು. ತರಬೇತುದಾರ ಟೋ ಬ್ಲೇಕ್ ಅಭ್ಯಾಸದ ಹೊರಗೆ ಅದನ್ನು ಧರಿಸಲು ಒಪ್ಪಿರಲಿಲ್ಲ. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟ್ ಅವರ ಮುಖವನ್ನು ಸೀಳಿತು. ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡ ಅವರು ಮುಖವಾಡವಿಲ್ಲದೆ ಮರಳಿ ಆಡುವುದಿಲ್ಲವೆಂದು ಹಟ ಹಿಡಿದರು. ಅಂದು ತಂಡ 3–1ರಿಂದ ಗೆದ್ದಿತು. ಗೆಲುವಿನ ಸರಣಿ ಮುಂದುವರಿದಂತೆ ಆಕ್ಷೇಪಣೆಯೂ ತಣ್ಣಗಾಯಿತು.

ಇತರ ತಂಡಗಳಲ್ಲಿ ತಮ್ಮ ತಮ್ಮವರೇ ಈ ಕೆಲಸಕ್ಕೆ ಕೈಹಾಕಿದರು. ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಸಹಾಯಕ ಸಿಬ್ಬಂದಿ ಲೆಫ್ಟಿ ವಿಲ್ಸನ್ ಅವರು ಟೆರ್ರಿ ಸಾಚಕ್ ಧರಿಸಿದ ಮುಖವಾಡವನ್ನು ತಯಾರಿಸಿದರು. ಗಾಯಗೊಂಡ ಗೋಲ್‌ಕೀಪರ್‌ಗಳ ಬದಲಿಗೆ ತುರ್ತಾಗಿ ಇಳಿದು ಮೂರು ಬೇರೆ ಬೇರೆ ತಂಡಗಳ ಪರವಾಗಿ ಎನ್‌ಎಚ್‌ಎಲ್ ಪಂದ್ಯ ಆಡಿದ್ದ ವಿಲ್ಸನ್‌ಗೆ ಆ ಕವಚದ ಅಗತ್ಯವೇನೆಂಬುದು ಸ್ವಾನುಭವದಿಂದಲೇ ತಿಳಿದಿತ್ತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್‌ವುಡ್ ಊರಿನ ಅರ್ನಿ ಹಿಗಿನ್ಸ್ ವೃತ್ತಿಯಿಂದ ಕೊಳಾಯಿ ಕೆಲಸಗಾರರು. ಗೋಲ್‌ಕೀಪರ್ ಆಗಿದ್ದ ಮಗನಿಗಾಗಿ ಮುಖವಾಡ ಮಾಡಲು ಆರಂಭಿಸಿದ ಅವರು ಮುಂದೆ ಲೀಗ್‌ನ ಅನೇಕರಿಗೆ ಮಾಡಿಕೊಟ್ಟರು. 1968ರ ಅಕ್ಟೋಬರ್‌ನಲ್ಲಿ ಪಂದ್ಯಪೂರ್ವ ಅಭ್ಯಾಸದ ವೇಳೆ ಪಕ್ ತಲೆಗೆ ತಗುಲಿ ಪ್ರಾಣಾಪಾಯಕ್ಕೆ ಒಳಗಾಗಿದ್ದ ಬಾಸ್ಟನ್ ಬ್ರೂಯಿನ್ಸ್ ತಂಡದ ಎಡ್ಡಿ ಜಾನ್‌ಸ್ಟನ್ ಅನಂತರ ಹಿಗಿನ್ಸ್ ಮುಖವಾಡ ಧರಿಸಿದರು. ಅದೇ ತಂಡದ ಗೆರ್ರಿ ಚೀವರ್ಸ್ ಅವರ ಮುಖವಾಡವಂತೂ ಆಟದ ಅತಿ ಪ್ರಸಿದ್ಧ ವಸ್ತುಗಳಲ್ಲೊಂದು. ಪಕ್ ತಗುಲಿದೆಡೆಯಲ್ಲೆಲ್ಲ, ಮುಖವಾಡ ಇಲ್ಲದಿದ್ದರೆ ಬೀಳುತ್ತಿದ್ದ ಹೊಲಿಗೆಗಳನ್ನು ಕಪ್ಪು ಗೆರೆಗಳಲ್ಲಿ ಬರೆಯಲಾಗುತ್ತಿತ್ತು. ಗೆರೆ ಎಳೆಯಲು ಆರಂಭಿಸಿದವರು ತಂಡದ ಸಹಾಯಕ ಜಾನ್ ‘ಫ್ರಾಸ್ಟಿ’ ಫಾರಿಸ್ಟಲ್. ಜನ ನೆನಪಿಟ್ಟುಕೊಂಡದ್ದು ಈ ಗೆರೆಗಳನ್ನು. ಕವಚವನ್ನು ರೂಪಿಸಿದ ಹಿಗಿನ್ಸ್ ಅವರ ಹೆಸರು ಸಂಗ್ರಾಹಕರ ವಲಯದ ಆಚೆಗೆ ಅಷ್ಟಾಗಿ ತಿಳಿದಿಲ್ಲ.

ಪ್ಲಾಂಟ್ 1970ರಲ್ಲಿ ಕ್ವಿಬೆಕ್ ಪ್ರಾಂತದ ಮ್ಯಾಗಾಗ್‌ನಲ್ಲಿ ಫೈಬ್ರೋಸ್ಪೋರ್ಟ್ ಎಂಬ ಮುಖವಾಡ ತಯಾರಿಕಾ ಸಂಸ್ಥೆಯನ್ನು ತೆರೆದರು. ಅದೇ ವರ್ಷದ ಸ್ಟಾನ್ಲಿ ಕಪ್ ಅಂತಿಮ ಸರಣಿಯಲ್ಲಿ ಸೇಂಟ್ ಲೂಯಿಸ್ ಪರ ಆಡುತ್ತಿದ್ದಾಗ ಫ್ರೆಡ್ ಸ್ಟಾನ್‌ಫೀಲ್ಡ್ ಹೊಡೆದ ಪಕ್ ಫಿಲ್ ಎಸ್ಪೊಸಿಟೊ ಅವರ ಕೋಲಿಗೆ ತಾಗಿ ದಿಕ್ಕು ಬದಲಿಸಿ ಅವರ ಹಣೆಗೆ ಬಡಿದಿತ್ತು. ಪ್ರಜ್ಞೆ ತಪ್ಪಿ ಬಿದ್ದ ಪ್ಲಾಂಟ್ ಆಸ್ಪತ್ರೆ ಸೇರಿದರು. ಮುಖವಾಡ ಇಲ್ಲದಿದ್ದಲ್ಲಿ ತಾವು ಉಳಿಯುತ್ತಿರಲಿಲ್ಲವೆಂಬುದು ಅವರ ನಂಬಿಕೆಯಾಗಿತ್ತು. 1974ರ ಏಪ್ರಿಲ್‌ನಲ್ಲಿ ಆಂಡಿ ಬ್ರೌನ್ ಆಡಿದ್ದೇ ಎನ್‌ಎಚ್‌ಎಲ್‌ನಲ್ಲಿ ಬರಿಮುಖದ ಗೋಲ್‌ಕೀಪರ್ ಕಂಡ ಕೊನೆಯ ಪಂದ್ಯ.

ಮುಖಕ್ಕೆ ಅಂಟಿಕೊಂಡ ಗಾಜಿನ ನಾರಿನ ಕವಚಕ್ಕೂ ಮಿತಿಯಿತ್ತು. ಪೆಟ್ಟಿನ ಆಘಾತ ನೇರವಾಗಿ ಎಲುಬಿಗೆ ತಲುಪುತ್ತಿತ್ತು. ಕಣ್ಣಿನ ತೂತುಗಳು ಕೋಲಿನ ತುದಿ ಒಳಹೋಗುವಷ್ಟು ದೊಡ್ಡವಾಗಿದ್ದವು. 1979ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಬರ್ನಿ ಪೇರೆಂಟ್ ಅವರ ಕಣ್ಣಿಗೆ ಹೀಗೆಯೇ ಕೋಲು ತಗುಲಿ ಅವರ ಆಟದ ಬದುಕು ಅಲ್ಲಿಗೇ ಮುಗಿಯಿತು. ಅಷ್ಟರಲ್ಲಿಯೇ ಗೋಲ್‌ಕೀಪರ್ ಡೇವ್ ಡ್ರೈಡನ್ ಮತ್ತು ಮುಖವಾಡ ತಯಾರಕ ಗ್ರೆಗ್ ಹ್ಯಾರಿಸನ್ ಕವಚದ ನಡುವಿನ ಭಾಗವನ್ನು ಕತ್ತರಿಸಿ ತೆಗೆದು ಅಲ್ಲಿ ಲೋಹದ ಜಾಲರಿ ಜೋಡಿಸುವ ಪ್ರಯೋಗ ಮಾಡಿದ್ದರು. ಇಂದಿನ ಎಲ್ಲ ಮುಖವಾಡಗಳ ಮೂಲ ಇದೇ. 1980ರ ದಶಕದ ಕೊನೆಯ ವೇಳೆಗೆ ಹಳೆಯ ಮಾದರಿ ಲೀಗ್‌ನಿಂದ ಬಹುತೇಕ ಮರೆಯಾಯಿತು.

ಕೃತಕ ವಸ್ತುಗಳ ಪ್ರವೇಶ

ಟೊರಾಂಟೊದ ಕೂಪರ್ ಕಂಪನಿ ಶಾಲಾ ಬಾಲಕರಿಂದ ವೃತ್ತಿಪರರವರೆಗೆ ಎಲ್ಲರಿಗೂ ಸಿದ್ಧ ಅಳತೆಯ ಸಾಮಗ್ರಿಗಳನ್ನು ಪೂರೈಸುತ್ತಿದ್ದ ದೊಡ್ಡ ತಯಾರಕ ಸಂಸ್ಥೆಯಾಗಿತ್ತು. ಆದರೆ ಪ್ಯಾಡಿನ ಸ್ವರೂಪವನ್ನೇ ಬದಲಿಸಿದ ಹೊಸತನ ಮತ್ತೆ ಸಣ್ಣ ಕಾರ್ಯಾಗಾರದಿಂದಲೇ ಬಂತು. 1980ರ ದಶಕದಲ್ಲಿ ಜಿಮ್ ಲೋಸನ್ ಅವರ ಏರೋಫ್ಲೆಕ್ಸ್ ಪ್ಯಾಡ್ ರೋಮ ಮತ್ತು ಹತ್ತಿಯ ಬದಲಿಗೆ ಫೋಮ್ ಬಳಸಿತು. ನೀರು ಹೀರದ, ಹಗುರವಾದ ಈ ಪ್ಯಾಡನ್ನು ರೆಜಿ ಲೆಮೆಲಿನ್ ಎನ್‌ಎಚ್‌ಎಲ್‌ನಲ್ಲಿ ಧರಿಸಿದಾಗ ಅದು ವಿಚಿತ್ರವೆನಿಸಿತ್ತು. ಸ್ವಲ್ಪ ಕಾಲದಲ್ಲಿಯೇ ಉಳಿದವರೂ ಫೋಮ್ ಮತ್ತು ಕೃತಕ ಚರ್ಮಕ್ಕೆ ತಿರುಗಿದರು. ಹಗುರ ಪ್ಯಾಡ್ ಬಂದುದರಿಂದ ಮಂಡಿಯೂರಿ ಎರಡೂ ಕಾಲುಗಳನ್ನು ಹೊರಚಾಚುವ ‘ಬಟರ್‌ಫ್ಲೈ’ ಶೈಲಿ ಹರಡಲು ಅನುಕೂಲವಾಯಿತು. ಕಂದು ಚರ್ಮದ ಜಾಗದಲ್ಲಿ ತಂಡದ ಬಣ್ಣಗಳು ಬಂದವು.

ಇದೇ ಕಾಲದಲ್ಲಿ ಮಿಷಿಗನ್‌ನ ಮೈಕ್ ವಾನ್, ಆಂಟಾರಿಯೊದ ಕಿಂಗ್ಸ್‌ವಿಲ್‌ನ ಬ್ರಯನ್ ಹೀಟನ್, ಕ್ವಿಬೆಕ್‌ನ ಮಿಶೆಲ್ ಲೆಫೆವ್ರ್ ಮೊದಲಾದ ವಿನ್ಯಾಸಕರು ಹೆಸರು ಮಾಡಿದರು. ಎನ್‌ಎಚ್‌ಎಲ್ ಗೋಲ್‌ಕೀಪರ್ ಆಗಿದ್ದ ಡಾನ್ ಸಿಮನ್ಸ್ ಕೂಡ ನಿವೃತ್ತಿಯ ನಂತರ ಇದೇ ವ್ಯಾಪಾರಕ್ಕೆ ಇಳಿದರು. ವಾನ್ ಮತ್ತು ಬ್ರಯನ್ಸ್ ಎರಡೂ ಸಂಸ್ಥೆಗಳ ಪೂರ್ಣ ಹೆಸರಿನಲ್ಲಿ ‘ಕಸ್ಟಮ್ ಸ್ಪೋರ್ಟ್ಸ್’ ಎಂಬ ಪದಗಳು ಇರುವುದು ಗಮನಾರ್ಹ.

ಮರುಬ್ರಾಂಡಿಂಗ್

ಗೋಲ್‌ಕೀಪರ್ ಸಾಮಗ್ರಿಯಲ್ಲಿ ಹೆಸರು ಬದಲಾಗುವ ಮುಖ್ಯ ದಾರಿ ಕಂಪನಿಗಳ ಖರೀದಿ. ಕೂಪರ್‌ನ ಹಾಕಿ ವಿಭಾಗ ಕೈಬದಲಾಗುತ್ತಾ ಬಾಯರ್ ಬ್ರಾಂಡಿನ ಒಡೆತನ ಹೊಂದಿದ್ದ ಕ್ಯಾನ್‌ಸ್ಟಾರ್ ಸಂಸ್ಥೆಯನ್ನು ಸೇರಿತು. 1994ರ ಕೊನೆಯಲ್ಲಿ ನೈಕಿ ಕ್ಯಾನ್‌ಸ್ಟಾರನ್ನು ಕೊಳ್ಳಲು ಮುಂದಾಯಿತು. ಕೂಪರ್ ಹೆಸರು ಕ್ರಮೇಣ ಅಂಗಡಿಗಳಿಂದ ಮಾಯವಾಯಿತು. 2008ರಲ್ಲಿ ನೈಕಿ ಬಾಯರನ್ನು ಮಾರಿತು. ಅದೇ ವರ್ಷ ಬಾಯರ್ ಮಿಷನ್-ಐಟೆಕ್ ಸಂಸ್ಥೆಯನ್ನು ಕೊಂಡುಕೊಂಡಿತು. ಐಟೆಕ್‌ನ ‘ಪ್ರೊಫೈಲ್’ ಮುಖವಾಡಗಳು ಬಾಯರ್ ಹೆಸರಿನಲ್ಲಿ ಮುಂದುವರಿದವು.

ಹೀಟನ್ ಅವರದು ಇನ್ನೂ ಸಂಕೀರ್ಣವಾದ ಉದಾಹರಣೆ. ಅವರ ಕುಲನಾಮವನ್ನೇ ಹೊತ್ತ ಹೀಟನ್ ಬ್ರಾಂಡ್ ಜೋಫಾ, ಕೋಹೊ ಮುಂತಾದ ಬ್ರಾಂಡುಗಳ ಗುಂಪಿನೊಳಗೆ ಸೇರಿತು. 1998ರಲ್ಲಿ ಆ ಗುಂಪನ್ನು ಸಿಸಿಎಂ ಬ್ರಾಂಡಿನ ಮಾಲೀಕ ಸಂಸ್ಥೆ ಕೊಂಡುಕೊಂಡಿತು. ಮಾರ್ಟಿನ್ ಬ್ರೋಡೂರ್ ಅವರಂಥ ಪ್ರಸಿದ್ಧರು ಧರಿಸಿದ್ದ ಹೀಟನ್ ಹೆಸರು ಕೊನೆಗೆ ಸಿಸಿಎಂ ಕಂಪನಿಯ ಒಂದು ಮಾದರಿಯ ಹೆಸರಾಗಿ ಉಳಿಯಿತು. ಇತ್ತ ಕಿಂಗ್ಸ್‌ವಿಲ್‌ನ ಕಾರ್ಯಾಗಾರದ ಸಾಮಗ್ರಿ ಮಾರುಕಟ್ಟೆಗೆ ಬಂದದ್ದು ‘ಬ್ರಯನ್ಸ್’ ಎಂಬ ಹೆಸರಿನಲ್ಲಿ. ಕುಲನಾಮ ಒಂದು ಕಡೆ, ಹುಟ್ಟಿದಾಗ ಇಟ್ಟ ಹೆಸರು ಇನ್ನೊಂದು ಕಡೆ, ಪರಸ್ಪರ ಸ್ಪರ್ಧಿಗಳಾಗಿ ಮಾರಾಟವಾದ ಪ್ರಸಂಗ ಇದು.

ಎರಡನೆಯ ದಾರಿ ಒಪ್ಪಂದದ ತಯಾರಿಕೆ. ಲೆಫೆವ್ರ್ ಕಾರ್ಯಾಗಾರ ಇದಕ್ಕೆ ಅತ್ಯುತ್ತಮ ನಿದರ್ಶನ. 1990ರ ದಶಕದಲ್ಲಿ ಪ್ಯಾಟ್ರಿಕ್ ರೋಯ್ ಮೊದಲಾದವರು ಧರಿಸಿದ ಕೋಹೊ ಪ್ಯಾಡ್‌ಗಳು ಲೆಫೆವ್ರ್ ವಿನ್ಯಾಸದವು. ಕೋಹೊ ಬ್ರಾಂಡ್ ಸೇರಿದ್ದ ಹಾಕಿ ಕಂಪನಿಯನ್ನು 2004ರಲ್ಲಿ ರೀಬಾಕ್ ಕೊಂಡಿತು, ರೀಬಾಕನ್ನು ಅಡಿಡಾಸ್ ಕೊಂಡಿತು, 2017ರಲ್ಲಿ ಅಡಿಡಾಸ್ ಸಿಸಿಎಂ ವಿಭಾಗವನ್ನು ಮಾರಿತು. ಈ ಕೈಬದಲುಗಳ ಉದ್ದಕ್ಕೂ ಪ್ಯಾಡಿನ ಮೇಲಿನ ಅಕ್ಷರಗಳು ಕೋಹೊ, ರೀಬಾಕ್, ಸಿಸಿಎಂ ಎಂದು ಬದಲಾಗುತ್ತಾ ಹೋದವು. ವಿನ್ಯಾಸದ ವಂಶಾವಳಿ ಮಾತ್ರ ಒಂದೇ ಆಗಿತ್ತು. 2020ರ ದಶಕದ ಆರಂಭದಲ್ಲಿ ಲೆಫೆವ್ರ್ ಕಾರ್ಯಾಗಾರ ಟ್ರೂ ಕಂಪನಿಯ ಜೊತೆ ಸೇರಿತು. ಮಾರ್ಕ್-ಆಂಡ್ರೆ ಫ್ಲೂರಿ ಅವರಂಥ ಕೆಲವು ಗೋಲ್‌ಕೀಪರ್‌ಗಳು ಹಳೆಯ ಬ್ರಾಂಡನ್ನು ಬಿಟ್ಟು ಟ್ರೂ ಪ್ಯಾಡ್‌ಗೆ ಬಂದರು. ಅಂದರೆ ಅವರು ಹಿಂಬಾಲಿಸಿದ್ದು ಕಂಪನಿಯನ್ನಲ್ಲ, ತಯಾರಕರನ್ನು. ‘ಎಕ್ಸ್‌ಟ್ರೀಮ್ ಫ್ಲೆಕ್ಸ್’ ಎಂಬ ಮಾದರಿಯ ಹೆಸರು ಮಾತ್ರ ಸಿಸಿಎಂ ಬಳಿಯೇ ಉಳಿಯಿತು. ಆ ಹೆಸರಿನಲ್ಲಿ ಹೊಸ ಮಾದರಿಗಳೂ ಬಂದವು. ಹಾಗಾಗಿ ಒಂದೇ ಹೆಸರಿನ ಹಳೆಯ ಹೊಸ ಜೋಡಿಗಳು ಬೇರೆ ಬೇರೆ ಕೈಗಳಿಂದ ಬಂದಿರಬಹುದು. ಬಳಸಿದ ಸಾಮಗ್ರಿ ಕೊಳ್ಳುವವರಿಗೆ ಈ ವ್ಯತ್ಯಾಸ ತಿಳಿದಿರುವುದು ಅಗತ್ಯ.

ವಿನ್ಯಾಸಕ ಪೀಟ್ ಸ್ಮಿತ್ ತಮ್ಮದೇ ಹೆಸರಿನಲ್ಲಿ ಸಾಮಗ್ರಿ ತಯಾರಿಸಿದ ಬಳಿಕ ವಾರಿಯರ್ ಕಂಪನಿ ಸೇರಿ ಅಲ್ಲಿನ ‘ರಿಚುವಲ್’ ಸರಣಿಯನ್ನು ರೂಪಿಸಿದ್ದು ಇಂಥದೇ ಮತ್ತೊಂದು ಪ್ರಸಂಗ.

ಇನ್ನೊಂದು ಬಗೆ ತೀರ ಸಣ್ಣ ಪ್ರಮಾಣದ್ದು. ಲೀಗ್ ಪಂದ್ಯಗಳಲ್ಲಿ ಬ್ರಾಂಡಿನ ಹೆಸರು ಎದ್ದುಕಾಣುವಂತೆ ಪ್ರದರ್ಶಿಸಲು ತಯಾರಕರು ಲೀಗ್‌ಗೆ ಪರವಾನಗಿ ಶುಲ್ಕ ತೆರಬೇಕಾಗುತ್ತದೆ. ಅದನ್ನು ಭರಿಸಲಾಗದ ಸಣ್ಣ ತಯಾರಕರ ಸಾಮಗ್ರಿಯನ್ನು ಆಟಗಾರ ಧರಿಸಬಯಸಿದರೆ ಹೆಸರನ್ನು ಮುಚ್ಚಬೇಕು ಅಥವಾ ಹೆಸರಿಲ್ಲದೆಯೇ ಹೊಲಿಸಬೇಕು. ಹೀಗೆ ಅತ್ಯುನ್ನತ ಮಟ್ಟದ ಆಟದಲ್ಲಿ ಬಳಕೆಯಾದ ಕೆಲಸಕ್ಕೂ ಅದನ್ನು ಮಾಡಿದವರ ಗುರುತು ಇಲ್ಲದಿರುವುದು ಸಾಧ್ಯ.

ಅಳತೆಯ ನಿಯಮಗಳು

ಕೈತಯಾರಿ ಸಾಮಗ್ರಿಯ ಮೇಲೆ ಹೆಚ್ಚಿನ ಪರಿಣಾಮ ಬೀರಿದ್ದು ಅಳತೆಯ ನಿಯಮಗಳು. 1989ರಲ್ಲಿ ಪ್ಯಾಡಿನ ಅಗಲದ ಮಿತಿಯನ್ನು ಮತ್ತೆ 12 ಇಂಚಿಗೆ ಏರಿಸಲಾಯಿತು. ಮುಂದಿನ ವರ್ಷಗಳಲ್ಲಿ ತಯಾರಕರು ಪ್ಯಾಡಿನ ಎತ್ತರ, ಭುಜಕವಚ, ಷರಾಯಿ ಇವೆಲ್ಲವನ್ನೂ ಹಿಗ್ಗಿಸುತ್ತಾ ಹೋದರು. ರಕ್ಷಣೆಯ ಹೆಸರಿನಲ್ಲಿ ಗೋಲು ಮುಚ್ಚುವುದೇ ಉದ್ದೇಶವಾಯಿತೆಂಬ ಟೀಕೆ ಬಂತು. 2005–06ರ ಋತುವಿನಿಂದ ಅಗಲ 11 ಇಂಚಿಗೂ ಎತ್ತರ 38 ಇಂಚಿಗೂ ಸೀಮಿತವಾಯಿತು. ಅನಂತರ ಎಲ್ಲರಿಗೂ ಒಂದೇ ಎತ್ತರ ಎಂಬುದನ್ನು ಬಿಟ್ಟು, ಆಟಗಾರನ ಕಾಲಿನ ಅಳತೆಗೆ ಅನುಗುಣವಾಗಿ ಗರಿಷ್ಠ ಎತ್ತರವನ್ನು ನಿಗದಿಪಡಿಸುವ ಕ್ರಮ ಜಾರಿಗೆ ಬಂತು. 2017ರಲ್ಲಿ ಷರಾಯಿಗೂ 2018–19ರಲ್ಲಿ ಎದೆಕವಚಕ್ಕೂ ಮೈಯ ಆಕಾರವನ್ನು ಅನುಸರಿಸುವ ನಿಯಮಗಳು ಬಂದವು. ಈ ಬದಲಾವಣೆಯಿಂದ ಪೆಟ್ಟಿನ ನೋವು ಹೆಚ್ಚಿತೆಂದು ಕೆಲವು ಗೋಲ್‌ಕೀಪರ್‌ಗಳು ದೂರಿದರು. ಹಿಂದೆ ಆಟಗಾರನ ಅನುಕೂಲಕ್ಕಾಗಿ ತೆಗೆಯುತ್ತಿದ್ದ ಮೈಯ ಅಳತೆ ಹೀಗೆ ಲೀಗ್‌ನ ಕಡ್ಡಾಯವಾಯಿತು.

ಸುರಕ್ಷತಾ ಪ್ರಮಾಣೀಕರಣ

ಮುಖವಾಡಗಳಿಗೆ ಕೆನಡಾದಲ್ಲಿ ಸಿಎಸ್‌ಎ, ಅಮೆರಿಕದಲ್ಲಿ ಎಚ್‌ಇಸಿಸಿ ಸಂಸ್ಥೆಗಳ ಪ್ರಮಾಣೀಕರಣ ವ್ಯವಸ್ಥೆ ಇದೆ. ಕಿರಿಯರ ಪಂದ್ಯಗಳಲ್ಲಿ ಪ್ರಮಾಣೀಕೃತ ಮುಖವಾಡ ಕಡ್ಡಾಯವಾದ ಮೇಲೆ, ಮನೆಯಂಗಳದಲ್ಲಿ ಅಚ್ಚು ತೆಗೆದು ಕವಚ ಮಾಡಿಕೊಡುತ್ತಿದ್ದ ಹಿಗಿನ್ಸ್ ಅವರಂಥವರ ದಾರಿ ಮುಚ್ಚಿತು. ಪ್ರಮಾಣಪತ್ರ ಸಲ್ಲುವುದು ಕವಚ ಮತ್ತು ಜಾಲರಿ ಸೇರಿದ ನಿರ್ದಿಷ್ಟ ಮಾದರಿಗೆ; ಬ್ರಾಂಡಿನ ಹೆಸರಿಗಲ್ಲ. ಜಾಲರಿಯನ್ನು ಬದಲಿಸಿದರೆ ಅದು ಅಸಿಂಧುವಾಗಬಹುದು. ವೃತ್ತಿಪರರು ಮೆಚ್ಚುವ, ಕಣ್ಣಿನ ಎದುರು ಅಗಲ ತೆರಪುಳ್ಳ ‘ಬೆಕ್ಕಿನ ಕಣ್ಣು’ ಜಾಲರಿಯನ್ನು ಈ ಕಾರಣದಿಂದಲೇ ಮಕ್ಕಳು ಬಳಸುವಂತಿಲ್ಲ.

ವೃತ್ತಿಪರ ಲೀಗ್‌ನಲ್ಲಿ ಆಯ್ಕೆಯ ಸ್ವಾತಂತ್ರ್ಯ ಹೆಚ್ಚು. ಡೆಟ್ರಾಯಿಟ್ ತಂಡದ ಕ್ರಿಸ್ ಆಸ್ಗುಡ್ ಆಧುನಿಕ ಮುಖವಾಡದ ಬದಲಿಗೆ ಕೂಪರ್ ಹೆಲ್ಮೆಟ್‌ಗೆ ಜಾಲರಿ ಜೋಡಿಸಿಕೊಂಡು ಆಡುತ್ತಿದ್ದರು. ಕೂಪರ್ ಹೆಸರಿನ ಸರಕು ಅಂಗಡಿಗಳಲ್ಲಿ ಸಿಗದಂತಾಗಿ ವರ್ಷಗಳೇ ಕಳೆದಿದ್ದರೂ 2011ರಲ್ಲಿ ನಿವೃತ್ತರಾಗುವವರೆಗೆ ಅವರು ಅದನ್ನು ಬಿಡಲಿಲ್ಲ.